ಕಚ್ಚಿದಾಗಲ್ಲ, ಬಿಟ್ಟಾಗ ನೋವು

ಪ್ರಶ್ನೆ: ಡಾಕ್ಟರೇ, ನನಗೆ 47 ವರ್ಷ. ಬಲಗಡೆ ಕೆಳದವಡೆಯಲ್ಲಿ ಅಗಿಯುವಾಗ ಒಮ್ಮೊಮ್ಮೆ ಸೂಜಿ ಚುಚ್ಚಿದ ಹಾಗೆ ನೋವು. ಕಚ್ಚಿದಾಗಲ್ಲ, ಕಚ್ಚಿ ಬಿಟ್ಟಾಗ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಕೂಡಲೇ ಹೋಗಿಬಿಡುತ್ತದೆ. ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸಲಾರೆ. 6 ತಿಂಗಳಲ್ಲಿ ಎರಡು ಸಲ ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲ ಅಂದರು. ಆ ಕಡೆಯ ಒಂದು ದವಡೆ ಹಲ್ಲಿಗೆ 20 ವರ್ಷದ ಹಿಂದೆ ಬೆಳ್ಳಿ ಬಣ್ಣದ ಸಿಮೆಂಟ್ ತುಂಬಿಸಿದ್ದೆ. ಮನೆಯವರು ‘ಎಲ್ಲಾ ನಿನ್ನ ಭ್ರಮೆ’ ಅನ್ನುತ್ತಾರೆ. ಹಾಗೇ ಬಿಟ್ಟರೆ ತಾನಾಗಿ ವಾಸಿಯಾಗುತ್ತದೆಯೇ?

ಉತ್ತರ: ಭ್ರಮೆ ಅಲ್ಲಮ್ಮ. ನಿಮ್ಮ ಪತ್ರದಲ್ಲಿ ‘ಕಚ್ಚಿ ಬಿಟ್ಟಾಗ’ ಎಂಬ ಮಾತನ್ನು ನಾನು ಎರಡು ಸಲ ಓದಿದೆ. ಸೀಳು ಬಿಟ್ಟ ಹಲ್ಲು ನೋಯುವ ರೀತಿಯೇ ಅದು. ಕಚ್ಚುವಾಗ ಬಿರುಕಿನ ಎರಡು ಅಂಚುಗಳು ತುಸು ಅಗಲುತ್ತವೆ, ಬಿಟ್ಟೊಡನೆ ಪಟಕ್ಕನೆ ಕೂಡಿಕೊಳ್ಳುತ್ತವೆ. ಹಲ್ಲಿನ ಹೊರಗವಚವಾದ ಎನಾಮಲ್‌ನ ಕೆಳಗಿನ ಡೆಂಟಿನ್ ಪದರದ ತುಂಬ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳಿವೆ. ಅವುಗಳೊಳಗಿನ ದ್ರವ ಆ ಗಳಿಗೆಯಲ್ಲಿ ರಪ್ಪನೆ ಸರಿದು ನರವನ್ನು ಕೆಣಕುತ್ತದೆ. ‘ಕ್ರ್ಯಾಕ್ಡ್ ಟೂತ್ ಸಿಂಡ್ರೋಮ್’ ಎಂಬ ಹೆಸರು ಇದಕ್ಕೆ 1964ರಿಂದಲೂ ಇದೆ. ಆ ಹೆಸರಿಟ್ಟವರು ಕ್ಯಾಮರಾನ್ ಎಂಬ ದಂತವೈದ್ಯರು.

ಹಲ್ಲು ತೋರಿಸಲಾರೆ ಎಂದು ಸಂಕೋಚಪಡಬೇಡಿ. ಹಲ್ಲಿನೊಳಗಿನ ನರಕ್ಕೆ ನೋವು ಗೊತ್ತಾಗುತ್ತದೆ, ಜಾಗ ಸರಿಯಾಗಿ ಗೊತ್ತಾಗುವುದಿಲ್ಲ. ಜಾಗವನ್ನು ಹೇಳುವುದು ಬೇರಿನ ಸುತ್ತಲಿನ ನಾರುಗಳು.

ಇನ್ನು ಎಕ್ಸ್‌ರೇ. ದವಡೆ ಹಲ್ಲಿನ ಸೀಳು ಹೆಚ್ಚಾಗಿ ಮುಂದಿನಿಂದ ಹಿಂದಕ್ಕೆ ಹರಿದಿರುತ್ತದೆ, ಕಿರಣ ಹಾಯುವುದು ಕೆನ್ನೆ ಕಡೆಯಿಂದ ನಾಲಗೆಯ ಕಡೆಗೆ. ಮುಚ್ಚಿಟ್ಟ ಪುಸ್ತಕವನ್ನು ರಕ್ಷಾಪುಟದ ಕಡೆಯಿಂದ ನೋಡಿದರೆ ಹಾಳೆಗಳ ನಡುವಿನ ಸಂದು ಕಂಡೀತೇ? ಎಕ್ಸ್‌ರೇ ಶುದ್ಧವಾಗಿದೆ ಅಂದಮಾತ್ರಕ್ಕೆ ಹಲ್ಲು ಗಟ್ಟಿಯಾಗಿದೆ ಎಂದಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಹೀಗೇ ನೋವು ಹೇಳಿಕೊಂಡು ಬಂದ ಒಬ್ಬ ಶಿಕ್ಷಕಿಗೆ ಫಿಲ್ಮ್ ತೋರಿಸಿ ‘ಏನೂ ಇಲ್ಲ’ ಎಂದು ಕಳಿಸಿದೆ. 8 ತಿಂಗಳ ಮೇಲೆ ಬಂದಾಗ ಹಲ್ಲು ಬೇರಿನ ತನಕ ಎರಡು ಹೋಳಾಗಿತ್ತು. ಕೀಳದೆ ದಾರಿಯಿರಲಿಲ್ಲ. ಮೊದಲ ದಿನವೇ ಸರಿಯಾಗಿ ಹುಡುಕಿದ್ದರೆ ಅದು ಉಳಿಯುತ್ತಿತ್ತು. ಅಂದಿನಿಂದ ‘ಕಚ್ಚಿದಾಗಲೋ, ಬಿಟ್ಟಾಗಲೋ?’ ಎಂದು ಕೇಳದೆ ನಾನು ಯಾರನ್ನೂ ಕುರ್ಚಿಯಿಂದ ಎಬ್ಬಿಸುವುದಿಲ್ಲ.

ನಿಮ್ಮ ವೈದ್ಯರಿಗೆ ಇದೇ ಮಾತನ್ನು ಹೇಳಿ, ಸೀಳು ಇದೆಯೇ ನೋಡಿ ಎಂದು ಬಾಯಿಬಿಟ್ಟು ಕೇಳಿ. ಹಲ್ಲಿನ ಒಂದೊಂದು ಉಬ್ಬಿನ ಮೇಲೂ ಪುಟ್ಟ ಪ್ಲಾಸ್ಟಿಕ್ ತುಂಡಿಟ್ಟು ಕಚ್ಚಿಸಿ ಬಿಡಿಸಿದರೆ ಕಳ್ಳ ಹಲ್ಲು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಪಕ್ಕದಿಂದ ಬಲವಾದ ಬೆಳಕು ಹಾಯಿಸಿದರೆ ಅದು ಸೀಳಿನ ತನಕ ಬಂದು ನಿಂತು, ಆಚೆ ಬದಿ ಕಪ್ಪಾಗಿ ಕಾಣುತ್ತದೆ. ನನ್ನ ಅನುಮಾನ ಆ ಹಳೆಯ ಸಿಮೆಂಟ್ ಇರುವ ಹಲ್ಲಿನ ಮೇಲೆ. ಅದಕ್ಕಾಗಿ ಕೊರೆದಾಗಲೇ ಹಲ್ಲಿನ ಗೋಡೆ ತೆಳುವಾಗಿದೆ, ಆ ಸಿಮೆಂಟ್ ಗೋಡೆಗಳನ್ನು ಹಿಡಿದಿಡುವುದೂ ಇಲ್ಲ. ಅದನ್ನು ತೆಗೆದು ನೀಲಿ ಬಣ್ಣ ಹಚ್ಚಿ ನೋಡಬೇಕಾಗಬಹುದು, ಹೆದರಬೇಡಿ. ಒಸಡಿನ ಸುತ್ತ ಅಳತೆಯ ಕಡ್ಡಿಯನ್ನೂ ಆಡಿಸುತ್ತಾರೆ. ಒಂದೇ ಜಾಗದಲ್ಲಿ ಅದು ಆಳಕ್ಕೆ ಇಳಿದರೆ ಸೀಳು ಬೇರಿಗೆ ತಲುಪಿರುವ ಸಾಧ್ಯತೆ ಹೆಚ್ಚು.

ತಾನಾಗಿ ವಾಸಿಯಾಗುವುದಿಲ್ಲ. ಮುರಿದ ಮೂಳೆ ಕೂಡುತ್ತದೆ, ಏಕೆಂದರೆ ಅದರೊಳಗೆ ಜೀವಕೋಶಗಳಿವೆ. ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು, ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಹಾಗಾಗಿ ನಾವು ಮಾಡಬಹುದಾದದ್ದು ಸೀಳು ಮುಂದೆ ಓಡದಂತೆ ಹಿಡಿದಿಡುವುದು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ, ಹಲ್ಲಿನ ಸುತ್ತ ಕ್ಯಾಪ್. ಮೊದಲು ಕೆಲವು ವಾರ ತಾತ್ಕಾಲಿಕ ಕ್ಯಾಪ್ ಅಥವಾ ಸ್ಟೀಲ್ ಪಟ್ಟಿ ಹಾಕಿ, ನೋವು ಹೋಯಿತೆಂದರೆ ಕಾಯಂ ಕ್ಯಾಪ್. ತಣ್ಣೀರಿನ ಜುಮ್ಮು ಕೂಡಲೇ ಹೋಗುತ್ತದೆ ಎಂದು ಬರೆದಿದ್ದೀರಿ, ಅದು ಒಳ್ಳೆಯ ಸುಳಿವು. ಅದು ನಿಂತು ಕಾಡತೊಡಗಿದರೆ, ಅಥವಾ ನೋವು ತಾನಾಗಿ ಬಂದು ನಿದ್ದೆಗೆಡಿಸಿದರೆ, ಒಳಗಿನ ನರ ಹದಗೆಟ್ಟಿದೆ ಎಂದರ್ಥ. ಆಗ ರೂಟ್ ಕೆನಾಲ್ ಬೇಕು. ಕ್ಯಾಪ್ ಹಾಕಿದ ಮೇಲೂ ಕೆಲವರಿಗೆ ಅದು ಬೇಕಾಗುತ್ತದೆ. ರೂಟ್ ಕೆನಾಲ್ ಆಯಿತೆಂದು ಕ್ಯಾಪ್ ಬಿಟ್ಟುಬಿಡಬೇಡಿ, ದಯವಿಟ್ಟು. ಅದು ನೋವನ್ನು ತೆಗೆಯುತ್ತದೆಯೇ ಹೊರತು ಸೀಳನ್ನು ಕೂಡಿಸುವುದಿಲ್ಲ.

ಅಲ್ಲಿಯ ತನಕ ಎಡಗಡೆಯೇ ಅಗಿಯಿರಿ. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿ ಇಟ್ಟುಕೊಳ್ಳಬೇಡಿ, ಚರ್ಮ ಸುಡುತ್ತದೆ. ರಾತ್ರಿ ನೀವು ಹಲ್ಲು ಕಡಿಯುವುದುಂಟೇ ಎಂದು ಮನೆಯವರನ್ನು ಕೇಳಿ. ಹೌದಾದರೆ ಮಲಗುವಾಗ ಹಾಕಿಕೊಳ್ಳುವ ನೈಟ್ ಗಾರ್ಡ್ ಕೂಡ ಮಾಡಿಸಬೇಕು. ಅವರಿಗೆ ಈ ಉತ್ತರವನ್ನೂ ಓದಿಸಿ.

ಪ್ರಶ್ನೆ: ನನ್ನ ಮುಂಭಾಗದ ಹಲ್ಲುಗಳಲ್ಲಿ ಕೂದಲೆಳೆಯಂಥ ಉದ್ದುದ್ದ ಗೆರೆಗಳಿವೆ. ನೋವಿಲ್ಲ. ಇವೂ ಸೀಳುಗಳೇ? ವಯಸ್ಸು 34.

ಉತ್ತರ: ಎನಾಮಲ್‌ನಲ್ಲಷ್ಟೇ ಇರುವ ಗೆರೆಗಳಂತೆ ಕಾಣುತ್ತದೆ. ದೊಡ್ಡವರ ಹಲ್ಲುಗಳಲ್ಲಿ ಇವು ಸರ್ವೇಸಾಮಾನ್ಯ. ಬೆಳಕು ಹಾಯಿಸಿದರೆ ಗೆರೆಯನ್ನು ದಾಟಿ ಆಚೆಗೂ ಹೋಗುತ್ತದೆ, ತಡೆದು ನಿಲ್ಲುವುದಿಲ್ಲ. ಚಿಕಿತ್ಸೆ ಬೇಡ. ಮುಂದಿನ ಸಲ ಹಲ್ಲು ತೋರಿಸಲು ಹೋದಾಗ ಒಮ್ಮೆ ಹೇಳಿ, ಸಾಕು. ಬಾಟಲಿ ಮುಚ್ಚಳ ಕಚ್ಚಿ ತೆಗೆಯುವುದು, ಪೆನ್ನು ಕಡಿಯುವುದು ಇದ್ದರೆ ಬಿಟ್ಟುಬಿಡಿ.