ರಾತ್ರಿ 11ಕ್ಕೆ ಬಾಗಿಲು ಯಾರು ತೆರೆಯುತ್ತಾರೆ?

ಪ್ರಶ್ನೆ: ನನ್ನ ತಾಯಿಗೆ 70 ದಾಟಿದೆ, ಮಂಡಿ ನೋವಿದೆ. ನಾವಿಬ್ಬರೇ ಪ್ಯಾರಿಸ್, ಲಿಸ್ಬನ್, ವೆನಿಸ್ ನೋಡಿ ಬರಬೇಕು ಅಂದುಕೊಂಡಿದ್ದೇವೆ. ಮೊದಲ ವಿದೇಶ ಪ್ರವಾಸ. ವೀಸಾಗೆ ಉಳಿಯುವ ಜಾಗ ಮೊದಲೇ ಬುಕ್ ಆಗಿರಬೇಕಂತೆ. ವೀಸಾ ಸಿಗದಿದ್ದರೆ ದುಡ್ಡು ಹೋಗುತ್ತಲ್ವಾ? ಹೋಟೆಲ್ ಒಳ್ಳೆಯದೋ, ಬಾಡಿಗೆ ಫ್ಲ್ಯಾಟ್ ಒಳ್ಳೆಯದೋ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಅಮ್ಮನೇ ಕಣ್ಣ ಮುಂದೆ ಬಂದರು. ಅವರನ್ನು ಕರೆದುಕೊಂಡು ನಾನೂ ಲಿಸ್ಬನ್‌ಗೆ ಹೋಗಿದ್ದೆ. ಹಳೆಯ ಅಲ್ಫಾಮಾ ಬಡಾವಣೆಯಲ್ಲಿ ಫ್ಲ್ಯಾಟ್ ಹಿಡಿದಿದ್ದೆ. ಫೋಟೋದಲ್ಲಿ ನದಿ ಕಾಣುವ ಕಿಟಕಿ, ಬಿಳಿ ಹಾಸಿಗೆ, ಎಲ್ಲ ಚೆನ್ನಾಗಿತ್ತು. ವಿಮಾನ ತಡವಾಗಿ ನಾವು ತಲುಪಿದ್ದು ರಾತ್ರಿ ಹನ್ನೊಂದರ ಮೇಲೆ. ಓಣಿಯೊಳಗೆ ಕಾರು ಹೋಗುವುದಿಲ್ಲ ಎಂದು ಟ್ಯಾಕ್ಸಿಯವರು ಕೆಳಗೇ ಇಳಿಸಿದರು. ಮೇಲಕ್ಕೆ ಬರೀ ಮೆಟ್ಟಿಲು. ಬಾಗಿಲ ಪಕ್ಕ ನಂಬರ್ ತಿರುಗಿಸುವ ಪುಟ್ಟ ಪೆಟ್ಟಿಗೆ, ಅದರೊಳಗೆ ಬೀಗದ ಕೈ. ಮೊಬೈಲ್ ಬೆಳಕಲ್ಲಿ ಫ್ಲ್ಯಾಟಿನವರು ಕೊಟ್ಟಿದ್ದ ನಾಲ್ಕು ಅಂಕಿಯನ್ನು ಎಷ್ಟು ಸಲ ತಿರುಗಿಸಿದರೂ ಪೆಟ್ಟಿಗೆ ತೆರೆಯಲಿಲ್ಲ. ಫೋನ್ ಎತ್ತುವವರಿಲ್ಲ. ಅಮ್ಮ ಸೂಟ್‌ಕೇಸ್ ಮೇಲೆ ಸುಮ್ನೆ ಕುಳಿತಿದ್ದರು, ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು. ಕೊನೆಗೆ ಕೆಳಗಿನ ರಸ್ತೆಯ ಸಣ್ಣ ಹೋಟೆಲ್ಲಿನಲ್ಲಿ ರಾತ್ರಿ ಪಾಳಿಯವರು ಎಚ್ಚರವಿದ್ದರು. ಅವರೇ ಮೇಲೆ ಬಂದು ನಮ್ಮ ಸಾಮಾನು ಇಳಿಸಿದರು.

ಆಮೇಲಿಂದ ನಾನು ಬಾಡಿಗೆಗಿಂತ ಮೊದಲು ನೋಡುವುದು ಇದನ್ನೇ: ನಾವು ತಲುಪುವ ಹೊತ್ತಿಗೆ ಬಾಗಿಲು ಯಾರು ತೆರೆಯುತ್ತಾರೆ? ಅಲ್ಲಿಯವರೆಗೆ ಸಾಮಾನು ಹೇಗೆ ಹೋಗುತ್ತದೆ? ಹಾಗಾಗಿ ಪ್ರತಿ ಊರಿನ ಮೊದಲ ರಾತ್ರಿಗೆ 24 ಗಂಟೆ ರಿಸೆಪ್ಷನ್ ಇರುವ ಹೋಟೆಲ್ ಹಿಡಿಯಿರಿ. ಒಂದೇ ಊರಲ್ಲಿ ನಾಲ್ಕೈದು ದಿನ ಇರುವುದಾದರೆ ಫ್ಲ್ಯಾಟ್ ಹಿತ. ಅಡುಗೆಮನೆ ಇರುತ್ತದೆ, ಬಟ್ಟೆ ಒಗೆಯಬಹುದು. ಆದರೆ ಅದಕ್ಕೆ ಹಗಲು ಹೊತ್ತಿನಲ್ಲಿ ಹೋಗಿ.

ಮೆಟ್ಟಿಲಿನ ವಿಷಯ ಇನ್ನೂ ಸ್ವಲ್ಪ ಹೇಳಲೇಬೇಕು, ನಿಮ್ಮ ತಾಯಿಯ ಮಂಡಿಗೋಸ್ಕರ. ಪ್ಯಾರಿಸ್‌ನ ಎಷ್ಟೋ ಹಳೆಯ ಕಟ್ಟಡಗಳು ಐದಾರು ಮಹಡಿ ಇರುತ್ತವೆ, ಲಿಫ್ಟ್ ಇರುವುದಿಲ್ಲ. ಇದ್ದರೂ ಮೆಟ್ಟಿಲ ಸುರುಳಿಯ ನಡುವೆ ಆಮೇಲೆ ಕೂರಿಸಿದ್ದು. ಒಬ್ಬರು, ಒಂದು ಪೆಟ್ಟಿಗೆ ಹಿಡಿದರೆ ಮುಗಿಯಿತು. ಕೆಲವು ಕಡೆ ಲಿಫ್ಟ್ ಹತ್ತಿರ ಹೋಗಲಿಕ್ಕೇ ಆರೇಳು ಮೆಟ್ಟಿಲು ಹತ್ತಬೇಕು. ‘ಲಿಫ್ಟ್ ಇದೆಯಾ’ ಅಂತ ಕೇಳಿದರೆ ಇದೆ ಅಂತಾರೆ. ‘ರಸ್ತೆಯಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು’ ಅಂತ ಕೇಳಿ. ಉತ್ತರವನ್ನು ಬುಕಿಂಗ್ ಆ್ಯಪ್‌ನ ಸಂದೇಶದಲ್ಲೇ ಬರೆಸಿಕೊಳ್ಳಿ. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲುಗಳೇ. ಅಲ್ಲಿ ದೋಣಿ ನಿಲ್ದಾಣದಿಂದ ಹೋಟೆಲ್ಲಿಗೆ ಎಷ್ಟು ಮೀಟರ್ ಅನ್ನುವುದಕ್ಕಿಂತ ಎಷ್ಟು ಸೇತುವೆ ದಾಟಬೇಕು ಅನ್ನುವುದು ಮುಖ್ಯ. ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಆ ದಾರಿಯನ್ನು ಮನೆಯಲ್ಲೇ ಕೂತು ಒಮ್ಮೆ ನಡೆದು ನೋಡಿ. ತಾಯಿಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೇ ಗೊತ್ತಾಗುತ್ತದೆ ಆಗುತ್ತೋ ಇಲ್ಲವೋ ಅಂತ.

ಇನ್ನು ವೀಸಾ. ನೀವು ಹೇಳಿದ ಮೂರೂ ಊರು ಶೆಂಗೆನ್ ದೇಶಗಳಲ್ಲಿವೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು. ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ಪುರಾವೆ ಕೊಡಲೇಬೇಕು. ಉಚಿತ ರದ್ದತಿ ಇರುವ ಬುಕಿಂಗ್ ಮಾಡಿ. ದುಡ್ಡು ಅಲ್ಲಿಗೆ ಹೋದಾಗ ಕೊಟ್ಟರೆ ಸಾಕು ಅನ್ನುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ರದ್ದು ಮಾಡಲು ಕೊನೆಯ ಗಡುವು ಸಾಮಾನ್ಯವಾಗಿ ಆ ಊರಿನ ಗಡಿಯಾರದ ಪ್ರಕಾರ ಇರುತ್ತದೆ, ನಮ್ಮದರ ಪ್ರಕಾರ ಅಲ್ಲ. ಗಡುವಿಗೆ ಎರಡು ದಿನ ಮೊದಲೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ದುಡ್ಡು ಕೊಟ್ಟರೆ ನಕಲಿ ಬುಕಿಂಗ್ ಕಾಗದ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ವೀಸಾ ಬಂದ ಮೇಲೆ ಹೋಟೆಲ್ ಬದಲಿಸಬಹುದು. ಆದರೆ ಎಲ್ಲವನ್ನೂ ರದ್ದು ಮಾಡಿ ಬರಿಗೈಲಿ ವಿಮಾನ ಹತ್ತಬೇಡಿ, ಅಲ್ಲಿ ಇಳಿದಾಗಲೂ ಗಡಿ ಅಧಿಕಾರಿಗಳು ಕೇಳಬಹುದು. ಹೊಸ ಬುಕಿಂಗ್‌ನ ಪ್ರಿಂಟ್ ಕೈಯಲ್ಲಿರಲಿ.

ಪ್ರವಾಸಿ ತೆರಿಗೆ ಬೇರೆ ಇದೆ. ಲಿಸ್ಬನ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ತಲಾ ಒಂದು ರಾತ್ರಿಗೆ 4 ಯೂರೋ, ಹೆಚ್ಚೆಂದರೆ 7 ರಾತ್ರಿಗೆ. ಎಷ್ಟೋ ಕಡೆ ಇದು ಬುಕಿಂಗ್ ಮೊತ್ತದಲ್ಲಿ ಸೇರಿರುವುದಿಲ್ಲ. ಒಂದಿಷ್ಟು ಯೂರೋ ನೋಟು ಇಟ್ಟುಕೊಂಡಿರಿ.

ಪ್ರಶ್ನೆ: ಬುಕಿಂಗ್ ಆಗಿ ವಾರವಾಯಿತು. ಈಗ ಹೋಟೆಲ್ ಹೆಸರಿನಲ್ಲಿ ಆ್ಯಪ್ ಒಳಗೇ ಸಂದೇಶ ಬಂದಿದೆ. 12 ಗಂಟೆಯೊಳಗೆ ಲಿಂಕ್ ಒತ್ತಿ ಕಾರ್ಡ್ ದೃಢಪಡಿಸದಿದ್ದರೆ ಬುಕಿಂಗ್ ರದ್ದಂತೆ. ಏನು ಮಾಡಲಿ?

ಉತ್ತರ: ಒತ್ತಬೇಡಿ. ಮೋಸಗಾರರು ಹೋಟೆಲ್ಲಿನ ಖಾತೆಗೇ ಕನ್ನ ಹಾಕಿ ಹೀಗೆ ಬರೆಯುತ್ತಾರೆ. ಅದಕ್ಕೇ ಸಂದೇಶ ಆ್ಯಪ್ ಒಳಗೆ ಬರುತ್ತದೆ, ನಿಮ್ಮ ಹೆಸರು, ತಾರೀಕು ಎಲ್ಲ ಸರಿಯಾಗಿರುತ್ತದೆ. ಹೋಟೆಲ್ಲಿನ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಲಿಂಕ್‌ನಲ್ಲಿ ಕಾರ್ಡ್ ನಂಬರ್ ಆಗಲೇ ಹಾಕಿದ್ದರೆ, ಈ ಪುಟ ಮಡಚಿಟ್ಟು ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ.

ಪ್ರಶ್ನೆ: ಟೋಕಿಯೊದಲ್ಲಿ ಗಂಡ–ಹೆಂಡತಿಗೆ ‘ಸೆಮಿ ಡಬಲ್’ ರೂಮು ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದಾ?

ಉತ್ತರ: ಆ ಮಂಚದ ಅಗಲ ಸುಮಾರು 120 ಸೆಂಟಿಮೀಟರ್. ನೆಲದ ಮೇಲೆ ಟೇಪ್ ಹಿಡಿದು ಅಳೆದು, ಇಬ್ಬರೂ ಮಲಗಿ ನೋಡಿ. ಸಾಲದು ಅನ್ನಿಸಿದರೆ ‘ಟ್ವಿನ್’ ಕೇಳಿ, ಎರಡು ಮಂಚ ಇರುತ್ತವೆ.