ಟಿ.ಬಿ. ಮಾತ್ರೆ: ಯಾವುದನ್ನು ತಡೆದುಕೊಳ್ಳಬೇಕು, ಯಾವುದಕ್ಕೆ ನಿಲ್ಲಿಸಬೇಕು

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ ಟಿ.ಬಿ. ಮಾತ್ರೆ ಶುರು ಮಾಡಿದ ದಿನದಿಂದಲೇ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದೆ. ಅವರ ತೂಕ 44 ಕೆ.ಜಿ. ಮೂರು ಮಾತ್ರೆ ಒಟ್ಟಿಗೆ ನುಂಗಿದರೆ ವಾಕರಿಕೆ. ಬೆಳಿಗ್ಗೆ ಒಂದು, ರಾತ್ರಿ ಎರಡು ಕೊಡಬಹುದೇ?
— ಓದುಗರು, ಹಾವೇರಿ

ಉತ್ತರ: ಹಂಚಿ ಕೊಡಬೇಡಿ. ಈ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧ ರಕ್ತದಲ್ಲಿ ಒಮ್ಮೆಗೇ ಮೇಲೇರಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧರ್ಧ ಕೊಟ್ಟರೆ ಆ ಮಟ್ಟ ಮುಟ್ಟುವುದಿಲ್ಲ. 35ರಿಂದ 49 ಕೆ.ಜಿ.ಯವರಿಗೆ ದಿನಕ್ಕೆ ಮೂರು ಮಾತ್ರೆ ಎನ್ನುವುದು ಸರಿಯಾದ ಲೆಕ್ಕವೇ. 50 ದಾಟಿದರೆ ನಾಲ್ಕಾಗುತ್ತದೆ, ಆದ್ದರಿಂದ ಪ್ರತಿ ತಿಂಗಳು ತೂಕ ನೋಡಿಸಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಔಷಧ ಚೆನ್ನಾಗಿ ಹೀರಿಕೊಳ್ಳುತ್ತದೆ ನಿಜ, ಆದರೆ ವಾಂತಿಯಾಗಿ ಹೊರಬೀಳುವುದಕ್ಕಿಂತ ಒಂದು ಇಡ್ಲಿಯೋ ಸ್ವಲ್ಪ ಗಂಜಿಯೋ ತಿಂದು ನುಂಗುವುದು ವಾಸಿ. ಗ್ಯಾಸ್‌ಗೆಂದು ಆಂಟಾಸಿಡ್ ಕುಡಿಯುವುದಿದ್ದರೆ ಎರಡು ಗಂಟೆ ಅಂತರವಿರಲಿ.

ಕೇಸರಿ ಬಣ್ಣ ರಿಫಾಂಪಿಸಿನ್‌ದು, ತೊಂದರೆಯಿಲ್ಲ. ಬೆವರು, ಕಣ್ಣೀರಿಗೂ ಬರಬಹುದು. ಇದು ಮೊದಲ ದಿನದಿಂದಲೇ ಇರುತ್ತದೆ, ಮಾತ್ರೆ ನುಂಗಿದ ಕೆಲವು ಗಂಟೆ ಗಾಢವಾಗಿದ್ದು ಆಮೇಲೆ ತಿಳಿಯಾಗುತ್ತದೆ. ವಾರಗಳ ನಂತರ ಮೂತ್ರ ಕಪ್ಪು ಚಹಾದಂತಾಗಿ, ದಿನವಿಡೀ ಹಾಗೆಯೇ ಉಳಿದು, ಊಟ ಸೇರದೆ ಹೋದರೆ ಅದು ಬೇರೆ ಕಥೆ. ಮುಂದಿನ ಪ್ರಶ್ನೆ ಅದರದೇ.

ಪ್ರಶ್ನೆ: ನನ್ನ ಯಜಮಾನರಿಗೆ 52 ವರ್ಷ. ಐದನೇ ವಾರದಲ್ಲಿ ಕಣ್ಣು ಹಳದಿಯಾಯಿತು, ಲಿವರ್‌ನ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 310 ಬಂತು. ಮಾತ್ರೆ ಪೂರ್ತಿ ನಿಲ್ಲಿಸಿದ್ದಾರೆ. ಈಗ ಒಂದೊಂದಾಗಿ ಶುರು ಮಾಡುತ್ತೇವೆ ಅನ್ನುತ್ತಾರೆ. ಕಾಮಾಲೆ ತಂದ ಔಷಧವನ್ನೇ ಮತ್ತೆ ಕೊಡುವುದೇ? ಮನೆಯಲ್ಲಿ ನೆಲನೆಲ್ಲಿ ರಸ ಕುಡಿಸುತ್ತಿದ್ದೇವೆ.
— ಓದುಗರು, ಚಿತ್ರದುರ್ಗ

ಉತ್ತರ: ನಿಲ್ಲಿಸಿದ್ದು ಸರಿ, ಮತ್ತೆ ಶುರು ಮಾಡುತ್ತಿರುವ ಕ್ರಮವೂ ಸರಿ. ಅವರು ನುಂಗುತ್ತಿದ್ದ ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧಗಳಿವೆ: ಐಸೋನಿಯಾಜಿಡ್ 75 ಮಿ.ಗ್ರಾಂ., ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬುಟಾಲ್ 275. ಇವುಗಳಲ್ಲಿ ಮೊದಲ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು, ಪೈರಾಜಿನಮೈಡ್‌ನ ಪೆಟ್ಟು ಹೆಚ್ಚು. ಎಥಾಂಬುಟಾಲ್ ಲಿವರ್ ತಂಟೆಗೆ ಹೋಗುವುದು ತೀರಾ ಅಪರೂಪ. ಒಟ್ಟಿಗಿರುವ ಮಾತ್ರೆಯಲ್ಲಿ ಅಪರಾಧಿ ಯಾರೆಂದು ಗೊತ್ತಾಗದು. ಅದಕ್ಕೇ ಬಿಡಿ ಮಾತ್ರೆಗಳು.

ಎಸ್‌ಜಿಪಿಟಿಯ ಮೇಲಿನ ಮಿತಿ 40 ಎಂದಿಟ್ಟುಕೊಳ್ಳಿ. ಯಾವ ತೊಂದರೆಯೂ ಇಲ್ಲದೆ ಸ್ವಲ್ಪ ಏರಿದರೆ ಮಾತ್ರೆ ಮುಂದುವರಿಸಿ ವಾರವಾರ ರಕ್ತ ನೋಡುತ್ತಾರೆ. ವಾಂತಿ, ಹೊಟ್ಟೆನೋವು, ಕಾಮಾಲೆ ಇದ್ದು ಮೂರು ಪಟ್ಟು, ಅಂದರೆ 120 ದಾಟಿದರೆ ಎಲ್ಲವನ್ನೂ ನಿಲ್ಲಿಸಬೇಕು. ಲಕ್ಷಣವಿಲ್ಲದಿದ್ದರೂ ಐದು ಪಟ್ಟು ದಾಟಿದರೆ ನಿಲ್ಲಿಸಲೇಬೇಕು. ಎರಡು ಪಟ್ಟಿಗಿಂತ ಕೆಳಗಿಳಿದ ಮೇಲೆ ಮೊದಲು ರಿಫಾಂಪಿಸಿನ್ ಮತ್ತು ಎಥಾಂಬುಟಾಲ್. ಮೂರರಿಂದ ಏಳು ದಿನ ಬಿಟ್ಟು ರಕ್ತ ಪರೀಕ್ಷೆ, ಸರಿಯಿದ್ದರೆ ಐಸೋನಿಯಾಜಿಡ್. ಪೈರಾಜಿನಮೈಡ್ ಕೊನೆಗೆ. ಕಾಮಾಲೆ ಜೋರಾಗಿದ್ದವರಿಗೆ ಅದನ್ನು ಕೈಬಿಡುವುದೇ ಹೆಚ್ಚು. ಆಗ ಆರು ತಿಂಗಳ ಚಿಕಿತ್ಸೆ ಒಂಬತ್ತಾಗುತ್ತದೆ. ಕಾಯಿಲೆ ಉಲ್ಬಣವಾಗಿದ್ದು ಕಾಯಲಾಗದವರಿಗೆ ಮಧ್ಯದಲ್ಲಿ ಲಿವರ್‌ಗೆ ಹಗುರವಾದ ಬೇರೆ ಔಷಧಗಳನ್ನು ಕೊಡುತ್ತಾರೆ.

ನೆಲನೆಲ್ಲಿ ಕುಡಿಸಿದರೆ ಎರಡು ಕಷ್ಟ. ಎಸ್‌ಜಿಪಿಟಿ ಇಳಿದದ್ದು ಔಷಧ ನಿಲ್ಲಿಸಿದ್ದರಿಂದಲೋ ರಸದಿಂದಲೋ ಎಂದು ಗೊಂದಲ. ಮತ್ತೆ ಏರಿದರೆ ಹೊಸ ಔಷಧದಿಂದಲೋ ರಸದಿಂದಲೋ ಎಂದು ಇನ್ನೊಂದು ಗೊಂದಲ. ಔಷಧ ಒಂದೊಂದಾಗಿ ಸೇರಿಸುವ ವಾರಗಳಲ್ಲಂತೂ ಬೇಡ. ಮದ್ಯ ಸುತರಾಂ ಕೂಡದು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿದೆಯೇ ಕೇಳಿ. ಎಲ್ಲ ಕಾಮಾಲೆಯೂ ಮಾತ್ರೆಯದಲ್ಲ.

ಪ್ರಶ್ನೆ: ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಟಿ.ಬಿ. ಮಾತ್ರೆ ಶುರುವಾಗಿ ಎರಡು ತಿಂಗಳು. ಅಂಗಾಲು ಉರಿ, ಜೋಮು. ಸಕ್ಕರೆಯೂ ಏರಿದೆ.
— ಓದುಗರು, ಬಳ್ಳಾರಿ

ಉತ್ತರ: ಉರಿ, ಜೋಮು ಸಕ್ಕರೆ ಕಾಯಿಲೆಯಿಂದಲೂ ಬರುತ್ತದೆ, ಐಸೋನಿಯಾಜಿಡ್ ದೇಹದ ಬಿ6 ಜೀವಸತ್ವವನ್ನು ಬರಿದು ಮಾಡುವುದರಿಂದಲೂ ಬರುತ್ತದೆ. ತಡೆಯಲು ದಿನಕ್ಕೆ 10 ಮಿ.ಗ್ರಾಂ. ಪಿರಿಡಾಕ್ಸಿನ್ ಸಾಕು, ಉರಿ ಶುರುವಾದ ಮೇಲೆ ವೈದ್ಯರು 100ರವರೆಗೆ ಏರಿಸುತ್ತಾರೆ. ಹೆಚ್ಚು ತೆಗೆದುಕೊಂಡಷ್ಟೂ ಒಳ್ಳೆಯದೆಂದು ನೀವಾಗಿ ಏರಿಸಬೇಡಿ, ಅತಿಯಾದ ಬಿ6 ತಾನೇ ನರಗಳನ್ನು ಕೆಡಿಸುತ್ತದೆ. ಸಕ್ಕರೆ ಏರಿದ್ದಕ್ಕೂ ಕಾರಣವಿದೆ: ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡಿ ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ಬಿ.ಪಿ.ಯ ಆಮ್ಲೊಡಿಪಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಗರ್ಭನಿರೋಧಕ ಗುಳಿಗೆ ಇವುಗಳಿಗೂ ಇದೇ ಗತಿ. ಗುಳಿಗೆ ನಂಬಿದ ಮಹಿಳೆಯರು ಕೊನೆಯ ಡೋಸಿನ ನಂತರ ನಾಲ್ಕು ವಾರದವರೆಗೂ ಕಾಪರ್-ಟಿ ಅಥವಾ ಕಾಂಡೋಮ್ ಬಳಸಬೇಕು. ಚಿಕಿತ್ಸೆ ಮುಗಿದ ಮೇಲೆ ಆ ಚುರುಕು ಇಳಿಯುತ್ತದೆ. ಏರಿಸಿದ ಸಕ್ಕರೆ ಮಾತ್ರೆಯನ್ನು ಆಗ ಇಳಿಸದಿದ್ದರೆ ಸಕ್ಕರೆ ಕುಸಿಯುತ್ತದೆ. ಇದನ್ನು ಮರೆಯುವವರೇ ಬಹಳ.

ಕಿಡ್ನಿಯ ಕ್ರಿಯಾಟಿನಿನ್ ನೋಡಿಸಿ. ಎಥಾಂಬುಟಾಲ್ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯಿಂದ. ಅದು ಸೋತಿದ್ದರೆ ಔಷಧ ಉಳಿದು ಕಣ್ಣಿನ ನರಕ್ಕೆ ಬಡಿಯುತ್ತದೆ. ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ, ಒಂದೇ ದೂರದಿಂದ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿ. ಮತ್ತೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ದೋಷ ಇನ್ನೊಂದು ಮುಚ್ಚಿಡುತ್ತದೆ. ಅಕ್ಷರ ಮಸುಕಾದರೆ, ಕೆಂಪು-ಹಸಿರು ಕಲಸಿದಂತೆ ಕಂಡರೆ ಮುಂದಿನ ಡೋಸ್ ನುಂಗದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೂರು ವಾರದಿಂದ ಕೆಮ್ಮು. ಮೆಡಿಕಲ್ ಶಾಪಿನಲ್ಲಿ ಲೆವೊಫ್ಲಾಕ್ಸಾಸಿನ್ 500 ಕೊಟ್ಟರು, ಐದು ದಿನಕ್ಕೆ ಹಗುರಾಯಿತು, ಈಗ ಮತ್ತೆ ಬಂದಿದೆ. ಇನ್ನೊಂದು ಕೋರ್ಸ್ ತೆಗೆದುಕೊಳ್ಳಲೇ?
— ಓದುಗರು, ತುಮಕೂರು

ಉತ್ತರ: ಖಂಡಿತ ಬೇಡ. ಲೆವೊಫ್ಲಾಕ್ಸಾಸಿನ್ ಟಿ.ಬಿ. ಕ್ರಿಮಿಯನ್ನೂ ಅರೆಬರೆ ಕೊಲ್ಲುತ್ತದೆ. ಕೆಮ್ಮು ಇಳಿಯುತ್ತದೆ, ಕಫದಲ್ಲಿ ಕ್ರಿಮಿ ಸಿಗದೆ ಹೋಗಬಹುದು, ಕಾಯಿಲೆ ಒಳಗೇ ಬೆಳೆಯುತ್ತದೆ. ಉಳಿದ ಕ್ರಿಮಿ ಈ ಔಷಧಕ್ಕೆ ಬಗ್ಗದಂತಾದರೆ, ಮುಂದೆ ಮಾಮೂಲಿ ಔಷಧಕ್ಕೆ ಬಗ್ಗದ ಮೊಂಡು ಟಿ.ಬಿ.ಗೆ ಬೇಕಾಗುವ ಅಸ್ತ್ರವೇ ಹೋಯಿತು. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಟ್ರೂನ್ಯಾಟ್ ಅಥವಾ ಸಿಬಿನಾಟ್ ಯಂತ್ರದಲ್ಲಿ ರಿಫಾಂಪಿಸಿನ್‌ಗೆ ಬಗ್ಗುವ ಕ್ರಿಮಿಯೋ ಅಲ್ಲವೋ ಎಂಬುದೂ ತಿಳಿಯುತ್ತದೆ. ಲೆವೊಫ್ಲಾಕ್ಸಾಸಿನ್ ನುಂಗಿದ್ದನ್ನು ಅಲ್ಲಿ ಮುಚ್ಚಿಡದೆ ಹೇಳಿ. ಅಂದಹಾಗೆ, ಈ ಔಷಧ 2014ರ ಮಾರ್ಚ್ 1ರಿಂದ ಎಚ್1 ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ ವಿವರ ಅಂಗಡಿಯ ರಿಜಿಸ್ಟರಿನಲ್ಲಿ ಮೂರು ವರ್ಷ ಇರಬೇಕು.

ಪ್ರಶ್ನೆ: ಟಿ.ಬಿ. ಮಾತ್ರೆ ತಿನ್ನುವಾಗ ಬಂಗುಡೆ ಸಾರು ಉಂಡೆ. ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ಎದೆ ಡವಗುಟ್ಟಿತು. ಮಾತ್ರೆ ಅಲರ್ಜಿಯೇ?
— ಓದುಗರು, ಉಡುಪಿ

ಉತ್ತರ: ಬಹುಶಃ ಅಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳನ್ನು ಐಸಿನಲ್ಲಿಡದೆ ಬಿಟ್ಟರೆ ಹಿಸ್ಟಮಿನ್ ಉಂಟಾಗುತ್ತದೆ, ಕುದಿಸಿದರೂ ಹೋಗದು. ಅದನ್ನು ಕರಗಿಸುವ ಕಿಣ್ವವನ್ನು ಐಸೋನಿಯಾಜಿಡ್ ತಡೆಯುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಈ ಮೀನುಗಳನ್ನು ಬಿಡಿ, ಮಾತ್ರೆ ಬಿಡಬೇಡಿ. ಮೀನು ತಿನ್ನದ ದಿನವೂ ಹೀಗಾದರೆ, ಉಸಿರು ಕಟ್ಟಿದರೆ, ತುಟಿ ಊದಿಕೊಂಡರೆ ಅದು ಅಲರ್ಜಿ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಔಷಧದ ಅಡ್ಡಪರಿಣಾಮವನ್ನು ರೋಗಿಯೇ ನೇರವಾಗಿ ವರದಿ ಮಾಡಲು 1800-180-3024 ಉಚಿತ ಸಹಾಯವಾಣಿಯಿದೆ. ಕರೆ ಮಾಡುವಾಗ ಮಾತ್ರೆಯ ಪಟ್ಟಿ ಕೈಯಲ್ಲಿರಲಿ, ಬ್ಯಾಚ್ ಸಂಖ್ಯೆ ಕೇಳುತ್ತಾರೆ.