ಹೈಕೋರ್ಟ್ ಜಡ್ಜ್ ಆಗಿದ್ದವರು ಆಮೇಲೆ ಅದೇ ರಾಜ್ಯದ ಅಡ್ವೊಕೇಟ್ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲ, ಆಗಬಹುದಾ?

ಕಾಯಂ ಜಡ್ಜ್ ಆಗಿದ್ದವರಿಗೆ ಅದು ಕಷ್ಟ. ಸಂವಿಧಾನದ 220ನೇ ವಿಧಿ ಅಡ್ಡ ಬರುತ್ತದೆ. ಅವರು ಸುಪ್ರೀಂ ಕೋರ್ಟಿನಲ್ಲಿ, ಬೇರೆ ಹೈಕೋರ್ಟುಗಳಲ್ಲಿ ಮಾತ್ರ ವಾದ ಮಾಡಬಹುದು. ನಮ್ಮ ಬಳ್ಳಾರಿ, ಕೊಪ್ಪಳದ ಕೇಸು ಧಾರವಾಡ ಪೀಠಕ್ಕೆ ಹೋಗುತ್ತವೆ, ರಾಯಚೂರಿನವು ಕಲಬುರಗಿಗೆ. ಪೀಠ ಬೇರೆಯಾದರೂ ಹೈಕೋರ್ಟ್ ಒಂದೇ ಅಲ್ವಾ? ಅಷ್ಟೇ ಅಲ್ಲ, ಬಳ್ಳಾರಿ ಜಿಲ್ಲಾ ಕೋರ್ಟಿನಲ್ಲೂ ಅವರು ಕರಿಕೋಟು ಹಾಕಿಕೊಂಡು ನಿಲ್ಲುವಂತಿಲ್ಲ. ನನಗೆ ಇದು ಸರಿಯಾದ ನಿಯಮ ಅನಿಸುತ್ತದೆ. ನಿನ್ನೆ ತೀರ್ಪು ಕೊಟ್ಟವರು ಇವತ್ತು ಅಲ್ಲೇ ಸರ್ಕಾರದ ಪರ ನಿಂತರೆ ಎದುರು ಕಕ್ಷಿದಾರನಿಗೆ ನಂಬಿಕೆ ಉಳಿಯುವುದಿಲ್ಲ.

ವಕೀಲರಾಗಿದ್ದು ಜಡ್ಜ್ ಆಗುವುದೇ ಜಾಸ್ತಿ. ಸಂತೋಷ್ ಹೆಗ್ಡೆ 1984ರಲ್ಲಿ ಕರ್ನಾಟಕದ ಅಡ್ವೊಕೇಟ್ ಜನರಲ್ ಆದರು, 1999ರಲ್ಲಿ ಸುಪ್ರೀಂ ಕೋರ್ಟ್ ಜಡ್ಜ್. ಸಂಡೂರು ರಸ್ತೆಯ ಮರಗಳೆಲ್ಲ ಅದಿರಿನ ಧೂಳಿಗೆ ಕೆಂಪಾಗಿದ್ದ ಕಾಲದಲ್ಲಿ ಲೋಕಾಯುಕ್ತರಾಗಿದ್ದು, 2011ರಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟವರೂ ಅವರೇ.